ಎಂಟು ತಿಂಗಳ ಉಪ್ಪು

ಅಕ್ಟೋಬರ್ 3, ಮಂಗಳವಾರ

ಈ ಬರೆಯುವ ಕೆಲಸ ನನ್ನದಲ್ಲ. ಹದಿನೈದಕ್ಕೆ ಶಾಲೆ ಬಿಟ್ಟು ಉದೊನ್ ಅಂಗಡಿಯಲ್ಲಿ ದಪ್ಪ ಶಾವಿಗೆಯ ಹಿಟ್ಟನ್ನು ಕಾಲಿನಿಂದ ತುಳಿಯಲು ನಿಂತವನು ನಾನು. ಅಲ್ಲಿಂದ ಇಲ್ಲಿಯವರೆಗೆ ಸುಮಾರು ಅರವತ್ತು ವರ್ಷ, ಪೆನ್ನು ಹಿಡಿದದ್ದು ಅಂಗಡಿ ಬಾಗಿಲಿಗೆ ‘ಇಂದು ರಜ’ ಎಂದು ಅಂಟಿಸಲು ಮಾತ್ರ. ಈಗ ಡಾಕ್ಟರ್ ಇಕುತಾ ದಿನಕ್ಕೆ ಹತ್ತು ಸಾಲು ಬರೆಯಲೇಬೇಕು ಎನ್ನುತ್ತಾನೆ. ಫೆಬ್ರವರಿಯಲ್ಲಿ ಬಲಗೈ ಅರ್ಧ ದಿನ ಮರಗಟ್ಟಿತ್ತಲ್ಲ, ಆ ಕೈಗೂ ತಲೆಗೂ ಇದು ವ್ಯಾಯಾಮವಂತೆ. ಕೈ ಆವತ್ತೇ ಸರಿಹೋಯಿತು, ತಲೆಗೆ ಏನೂ ಆಗಿಲ್ಲ ಎಂದೆ. ಆತ ನಕ್ಕ. ಹಿಸಾಯೊ ಅದೇ ದಿನ ಈ ನೋಟ್‌ಬುಕ್ ತಂದಿಟ್ಟಳು. ಹೆಂಡತಿಯೂ ಡಾಕ್ಟರೂ ಒಂದಾದರೆ ಗಂಡಸಿಗೆ ಉಳಿಗಾಲವಿಲ್ಲ.

ಏನು ಬರೆಯಲಿ ಎಂದರೆ, ‘ತೋಚಿದ್ದು ಬರೀರಿ, ಯಾರೂ ಓದಲ್ಲ’ ಎಂದ. ಯಾರೂ ಓದದ್ದನ್ನು ಬರೆಯುವುದು ಯಾರೂ ತಿನ್ನದ ಉದೊನ್ ಬೇಯಿಸಿದ ಹಾಗೆ.

ಇವತ್ತು: ಹಿಟ್ಟು ಚೆನ್ನಾಗಿ ಬಂತು. ಎಳೆಗಳು ಒಂದೂ ತುಂಡಾಗಲಿಲ್ಲ. ಒಂದು ಗಂಟೆಗೆಲ್ಲ ಖಾಲಿ. ಪಕ್ಕದ ಮನೆಯವರು ಪರ್ಸಿಮನ್ ಹಣ್ಣು ಕೊಟ್ಟರು. ಕಾಗದ ಅಗಿದ ಹಾಗಿತ್ತು. ಈಗಿನ ರೈತರು ಬಣ್ಣ ಬೆಳೆಯುತ್ತಾರೆ, ಹಣ್ಣು ಬೆಳೆಯುವುದಿಲ್ಲ.

ಹತ್ತು ಸಾಲಾಯಿತು. ಸಾಕು.

ಅಕ್ಟೋಬರ್ 5, ಗುರುವಾರ

ನಿನ್ನೆ ಅಂಗಡಿಗೆ ವಾರದ ರಜ. ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ.

ಇವತ್ತು ಬಂದರಿನ ಮಂಜುಗಡ್ಡೆ ಕಾರ್ಖಾನೆಯವರ ಜೊತೆ ಒಬ್ಬಳು ಬಂದಳು. ನನಗಿಂತ ಒಂದು ತಲೆ ಎತ್ತರ. ಬಾಗಿಲ ಪರದೆ ಎತ್ತಿ ಒಳಗೆ ಬರುವಾಗ ತಲೆ ಚೌಕಟ್ಟಿಗೆ ತಗುಲಿ, ಸೊಂಟದವರೆಗೆ ಬಗ್ಗಬೇಕಾಯಿತು. ಹೆಸರು ಎಫುವಾ. ಆಫ್ರಿಕಾದ ಘಾನಾ ದೇಶದವಳು. ಅಲ್ಲಿನ ಮೀನು ಬಂದರಿಗೆ ನಮ್ಮ ಕಡೆಯ ಮಂಜುಗಡ್ಡೆ ಯಂತ್ರ ಹೋಗುತ್ತದಂತೆ, ಅದನ್ನು ನಡೆಸುವುದನ್ನು ಕಲಿಯಲು ಅವಳ ಕಂಪನಿ ಮೂರು ವಾರಕ್ಕೆ ಕಳಿಸಿದೆ, ಎರಡು ವಾರ ಆಗಲೇ ಆಯಿತಂತೆ. ಬಟ್ಟಲು ಹಿಡಿದು ಬೆಂಚಿನಲ್ಲಿ ಕೂತು ನಮ್ಮವರ ಹಾಗೆಯೇ ಸೊರ್ ಎಂದು ಎಳೆದಳು. ಸಾರನ್ನು ತಳ ಕಾಣುವವರೆಗೆ ಕುಡಿದಳು. ಆಮೇಲೆ ಎದ್ದು ಬಂದು ನನ್ನ ಮುಂದೆ ನಿಂತಳು.

‘ಅಜ್ಜನವರೇ, ತಾವು ಸಾರಿಗೆ ಹಾಕುವ ಈ ಒಣಮೀನಿನ ತಲೆಯನ್ನೂ ಕರುಳನ್ನೂ ತೆಗೆಯುವಿರೋ, ಅಥವಾ ಹಾಗೆಯೇ ಹಾಕುವಿರೋ?’

ನಾನು ದಂಗಾದೆ. ಮೊದಲನೆಯದು, ಆ ಮಾತು. ರೇಡಿಯೋದವರು ವಾರ್ತೆ ಓದಿದ ಹಾಗೆ. ಪುಸ್ತಕ ನೋಡಿ ಕಲಿತಳಂತೆ. ಎರಡನೆಯದು, ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯೂ ಈ ಪ್ರಶ್ನೆ ಕೇಳಿಲ್ಲ.

‘ತೆಗೀತೀನಿ. ಇಲ್ದಿದ್ರೆ ಕಹಿ ಬರುತ್ತೆ.’

‘ನನ್ನ ತಾಯಿಯವರೂ ಹಾಗೆಯೇ ಹೇಳುತ್ತಾರೆ. ಅವರು ಮೀನನ್ನು ಹೊಗೆಯಲ್ಲಿ ಒಣಗಿಸಿ ಮಾರುತ್ತಾರೆ.’

ತೊಕುಶಿಗೆ ಎಂಬ ಹೆಸರಿನ ಒಣಮೀನಿನ ವ್ಯಾಪಾರಿ ಮೂಲೆಯಲ್ಲಿ ಕೂತಿದ್ದ. ಐವತ್ತು ವರ್ಷದಿಂದ ಅವನ ಮೀನೇ ನನ್ನ ಪಾತ್ರೆಗೆ ಬೀಳುವುದು. ‘ಮಾನಬೆ, ಅಂತೂ ನಿನ್ನ ಪರೀಕ್ಷೆ ಮಾಡೋರು ಒಬ್ರು ಬಂದ್ರು ನೋಡು’ ಎಂದ. ನೀನು ಮುಚ್ಚಿಕೊಂಡು ತಿನ್ನು ಎಂದೆ.

ಅಕ್ಟೋಬರ್ 9, ಸೋಮವಾರ

ಉಪ್ಪಿನ ಕಂಪನಿಯವನಿಗೆ ಫೋನ್ ಮಾಡಿ ಬೈದೆ. ಉಪ್ಪಿನಲ್ಲಿ ಕಸುವೇ ಇಲ್ಲ. ಮೊದಲು ಒಂದು ಹಿಡಿ ಹಾಕುತ್ತಿದ್ದ ಕಡೆ ಈಗ ಎರಡು ಹಾಕಿದರೂ ಸಾಲದು. ‘ಅದೇ ಉಪ್ಪು ಕಳಿಸ್ತಿದೀವಿ ಯಜಮಾನ್ರೇ’ ಎಂದು ರಾಗ ಎಳೆದ. ಸೋಯಾ ಸಾಸ್ ಕಳಿಸುವವನೂ ಇದೇ ರಾಗ.

ಹಿಟ್ಟಿಗೆ ಹಾಕುವ ಉಪ್ಪುನೀರನ್ನು ನಾನು ಅಳೆದು ಹಾಕುತ್ತೇನೆ, ಬೇಸಿಗೆಗೊಂದು ಅಳತೆ, ಚಳಿಗೊಂದು. ಸಾರಿಗೆ ಅಳತೆ ಇಲ್ಲ. ಸಾರಿಗೆ ನನ್ನ ನಾಲಿಗೆಯೇ ಅಳತೆ. ನಾಲ್ಕು ಸಲ ರುಚಿ ನೋಡಿ ಸರಿ ಎನ್ನಿಸಿದ ಮೇಲೆ ಬಾಗಿಲಿಗೆ ಪರದೆ ಕಟ್ಟಿ ಅಂಗಡಿ ತೆರೆಯುವುದು. ನನ್ನ ಗುರು ಹಾಗೆ ಮಾಡುತ್ತಿದ್ದ, ನಾನೂ ಹಾಗೆಯೇ.

ಆ ಎಫುವಾ ದಿನಾ ಬರುತ್ತಿದ್ದಾಳೆ. ಈಗ ಬಾಗಿಲಲ್ಲಿ ತಲೆ ತಗುಲಿಸಿಕೊಳ್ಳುವುದಿಲ್ಲ.

ಅಕ್ಟೋಬರ್ 13, ಶುಕ್ರವಾರ

ಇಂಥದ್ದನ್ನು ನಾನು ಕೇಳಿಲ್ಲ. ಅವಳ ಕಲಿಕೆ ಇವತ್ತು ಮುಗಿಯಿತು. ನಾಳೆ ವಿಮಾನ ಹತ್ತಬೇಕಾದವಳು ಹದಿನಾರು ದಿನ ಉಳಿಯುತ್ತಾಳಂತೆ. ಕಂಪನಿಯ ಕೆಲಸಕ್ಕಲ್ಲ, ತನ್ನ ಸ್ವಂತ ರಜೆಯಲ್ಲಿ.

‘ಕೆಲ್ಸ ಮುಗೀತಲ್ಲ, ಮನೆಗೆ ಹೋಗು’ ಎಂದೆ.

‘ಕೆಲಸ ಮುಗಿದಿದೆ. ಊಟ ಮುಗಿದಿಲ್ಲ, ಅಜ್ಜನವರೇ.’

ಹಿರೋಶಿಮಾಕ್ಕೆ ಹೋಗಿ ಅಲ್ಲಿನದು ತಿನ್ನುವುದು. ಒಸಾಕಾಕ್ಕೆ ಹೋಗಿ ಅಲ್ಲಿನದು. ಕನಜವಾ, ನಾಗಸಾಕಿ. ರೈಲಿನಲ್ಲಿ ಊರೂರು ಸುತ್ತಿ ತಿನ್ನಲಿಕ್ಕೆಂದೇ ಒಬ್ಬ ಹೆಂಗಸು ನಿಲ್ಲುತ್ತಾಳೆ. ಅವಳ ಮೇಲಧಿಕಾರಿ ಫೋನಿನಲ್ಲಿ ‘ಹುಷಾರಿಲ್ಲವೇ’ ಎಂದು ಮೂರು ಸಲ ಕೇಳಿದನಂತೆ. ಅವನ ಅನುಮಾನ ನ್ಯಾಯವಾದದ್ದು. ನಾನು ಈ ತಕಮತ್ಸು ಬಿಟ್ಟು ಊಟಕ್ಕೆಂದು ಎಲ್ಲಿಗೂ ಹೋದವನಲ್ಲ. ಇದ್ದಲ್ಲಿ ತಿನ್ನುವುದಪ್ಪ. ಹೊಟ್ಟೆ ಇರುವುದು ಇಲ್ಲೇ.

ನಾನು ಇದನ್ನೆಲ್ಲ ಹೇಳುತ್ತಿರುವಾಗಲೇ ಹಿಸಾಯೊ ಅಡುಗೆಮನೆಯಿಂದ, ‘ಮೇಲಿನ ಕೋಣೆ ಖಾಲಿ ಇದೆ. ದೊಡ್ಡ ಪೆಟ್ಟಿಗೆ ಇಲ್ಲೇ ಇಟ್ಟು ಹೋಗಮ್ಮ, ನಡುವೆ ಬಂದಾಗ ಮಲಗು’ ಎಂದಳು. ನನ್ನನ್ನು ಕೇಳಿದಳೇ? ಇಲ್ಲ.

‘ಒಂದ್ ಮಾತು ಕೇಳ್ಬಾರ್ದಾ?’

‘ಕೇಳಿದ್ರೆ ಬೇಡ ಅಂತಿದ್ರಿ. ಅದಕ್ಕೇ ಕೇಳ್ಲಿಲ್ಲ ಕಣ್ರೀ.’

ಅಕ್ಟೋಬರ್ 18, ಬುಧವಾರ

ಎಫುವಾ ಹಿರೋಶಿಮಾದಿಂದ ಬಂದಳು. ಅಲ್ಲಿ ಕಾದ ಕಬ್ಬಿಣದ ಹಲಗೆಯ ಮೇಲೆ ಕೋಸು, ಮೊಟ್ಟೆ, ಶಾವಿಗೆ ಎಲ್ಲ ಒಂದರ ಮೇಲೊಂದು ಪೇರಿಸಿ ಹುಯ್ಯುತ್ತಾರಲ್ಲ, ಅದನ್ನು ಇವಳು ಊಟದ ಜೋಡಿ ಕಡ್ಡಿಯಲ್ಲಿ ತಿನ್ನಲು ಹೋಗಿ ಅಂಗಡಿಯ ಮುದುಕಿಯಿಂದ ಬೈಸಿಕೊಂಡಳಂತೆ. ಮಗುಚುವ ಚಿಕ್ಕ ಸಟ್ಟುಗದಲ್ಲೇ ಕತ್ತರಿಸಿ ಬಾಯಿಗಿಡಬೇಕು. ‘ಅವರು ನನ್ನ ಕೈಗೆ ಮೆಲ್ಲನೆ ಹೊಡೆದರು’ ಎಂದು ಬಹಳ ಸಂತೋಷದಿಂದ ಹೇಳಿದಳು. ಬೈಸಿಕೊಂಡದ್ದಕ್ಕೆ ಸಂತೋಷಪಡುವವಳನ್ನು ಮೊದಲ ಸಲ ನೋಡಿದೆ. ಓನೊಮಿಚಿಯಲ್ಲಿ ಏನೋ ತಿಂದಳು, ಅದನ್ನೂ ಹೇಳಿದಳು. ಹಿಸಾಯೊ ಬಾಯಿ ತೆರೆದು ಕೇಳಿದಳು. ಅವಳು ಹಿರೋಶಿಮಾ ನೋಡಿ ಮೂವತ್ತು ವರ್ಷವಾಯಿತು ಎಂದು ಆಗ ನೆನಪಾಯಿತು. ಅಂಗಡಿ ಬಿಟ್ಟು ಹೋಗುವುದು ಹೇಗೆ?

‘ಅಲ್ಲಿಂದು ಚೆನ್ನಾಗಿತ್ತೋ ನಮ್ದು ಚೆನ್ನಾಗಿದ್ಯೋ?’ ಎಂದೆ.

‘ಎರಡೂ ಬೇರೆ ಬೇರೆ, ಅಜ್ಜನವರೇ.’

ಇದು ಉತ್ತರವಲ್ಲ. ನಾಳೆ ಒಸಾಕಾ, ಕನಜವಾ ಎಂದು ಹೊರಡುತ್ತಾಳೆ. ಹೋಗಲಿ.

ಅಕ್ಟೋಬರ್ 20, ಶುಕ್ರವಾರ

ಹಿಸಾಯೊ ಬೆಳಿಗ್ಗೆ ಮತ್ಸುಯಾಮಕ್ಕೆ ಹೋದಳು. ಅವಳ ತಂಗಿಯ ಮಂಡಿಗೆ ಶಸ್ತ್ರಚಿಕಿತ್ಸೆ. ಮಂಗಳವಾರ ಬರುತ್ತಾಳೆ. ಹೊರಡುವಾಗ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತೇ ಇದ್ದಳು.

‘ನಾಲ್ಕ್ ದಿನ ಅಂಗಡಿ ಮುಚ್ಚಿದ್ರೆ ಆಗಲ್ವಾ?’

‘ಯಾಕೆ?’

‘ನಿಮಗೆ ಆಯಾಸ ಆಗುತ್ತೆ.’

‘ನಂಗೇನಾಗಿದೆ? ಹೋಗು, ರೈಲು ತಪ್ಪುತ್ತೆ.’

ಇನ್ನೂ ಏನೋ ಹೇಳಬೇಕೆಂದು ಬಾಯಿ ತೆರೆದು, ಮುಚ್ಚಿ, ಹೋದಳು. ಗಿರಾಕಿಗಳು ಬಟ್ಟಲು ತಾವೇ ಒಯ್ಯುತ್ತಾರೆ, ತಾವೇ ತಂದಿಡುತ್ತಾರೆ. ತೊಳೆಯುವುದೊಂದೇ ಕಷ್ಟ.

ಅಕ್ಟೋಬರ್ 21, ಶನಿವಾರ

ನೀರಿನ ಹೂಜಿಗಳನ್ನು ಐದು ಸಲ ತುಂಬಿಸಿದೆ. ಅಕ್ಟೋಬರಿನಲ್ಲಿ ಇಷ್ಟು ಬಾಯಾರಿಕೆ ಏನೋ. ಬಟ್ಟಲುಗಳಲ್ಲಿ ಸಾರು ಹಾಗೇ ಉಳಿದು ವಾಪಸು ಬರುತ್ತಿದೆ. ಬೀಪಿ ಬೀಪಿ ಎಂದು ಟೀವಿಯವರು ಎಲ್ಲರ ತಲೆ ಕೆಡಿಸಿದ್ದಾರೆ.

ಬಂದವರೆಲ್ಲ ಒಂದೇ ಪ್ರಶ್ನೆ. ‘ಅಮ್ಮಾವ್ರು ಯಾವಾಗ ಬರ್ತಾರೆ?’ ಹನ್ನೊಂದು ಜನ ಕೇಳಿದರು. ಅಮ್ಮಾವ್ರು ಇಲ್ಲದಿದ್ದರೆ ಉದೊನ್ ಗಂಟಲಲ್ಲಿ ಇಳಿಯುವುದಿಲ್ಲವೇ ಎಂದು ರೇಗಿದೆ. ತೊಕುಶಿಗೆ ತಲೆ ತಗ್ಗಿಸಿ ನೀರು ಕುಡಿದ.

ಅಕ್ಟೋಬರ್ 22, ಭಾನುವಾರ

ಅಂಗಡಿ ತುಂಬಿತ್ತು. ಎಫುವಾ ಕನಜವಾದಿಂದ ಸೀದಾ ಬಂದು ಕೂತಳು. ಎರಡು ಎಳೆ ತಿಂದು, ಒಂದು ಗುಟುಕು ಕುಡಿದು, ಬಟ್ಟಲು ಕೆಳಗಿಟ್ಟಳು.

‘ಹೇಗೆ, ಚೆನ್ನಾಗಿದೆ ಅಲ್ವಾ?’ ಎಂದೆ. ಎಲ್ಲರಿಗೂ ಹಾಗೇ ಕೇಳುತ್ತೇನೆ.

‘ಇಲ್ಲ, ಅಜ್ಜನವರೇ. ಇಂದಿನ ಸಾರಿನಲ್ಲಿ ಉಪ್ಪು ಬಹಳ ಅಧಿಕವಾಗಿದೆ. ಕುಡಿಯಲಾಗುವುದಿಲ್ಲ.’

ಕೂತವರೆಲ್ಲ ನನ್ನ ಕಡೆ ತಿರುಗಿದರು.

ಹೊರಗೆ ಹೋಗು ಎಂದೆ. ಎದ್ದು, ತಲೆ ಬಗ್ಗಿಸಿ ನಮಸ್ಕರಿಸಿ, ಹೋದಳು.

ಇನ್ನು ಬರೆಯಲಾರೆ.

ಅಕ್ಟೋಬರ್ 23, ಸೋಮವಾರ

ಬೆಳಿಗ್ಗೆ ಸಾರಿನ ರುಚಿಯನ್ನು ನಾಲ್ಕರ ಬದಲು ಹತ್ತು ಸಲ ನೋಡಿದೆ. ಸರಿಯಾಗಿದೆ. ನನ್ನ ನಾಲಿಗೆಗೆ ಸರಿಯಾಗಿದೆ. ಊರೂರು ಸುತ್ತಿ ಕಂಡದ್ದೆಲ್ಲ ತಿಂದವಳ ನಾಲಿಗೆ ಕೆಟ್ಟಿರಬೇಕು ಎಂದುಕೊಂಡೆ. ಹಾಗೆಂದುಕೊಂಡ ಮೇಲೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಆ ಹುಡುಗಿ ಮೀನಿನ ಕರುಳಿನ ಕಹಿ ಗೊತ್ತಿರುವವಳು.

ತೊಕುಶಿಗೆ ಬಂದ. ಉಳಿದವರು ಹೋಗುವವರೆಗೆ ಕಾದು ಅವನ ಎದುರು ಕೂತೆ.

‘ಇವತ್ತಿನ ಸಾರು?’

‘ಏನು?’

‘ಉಪ್ಪು ಜಾಸ್ತಿಯಾ?’

‘ಛೆ, ಯಾರಂದ್ರು? ಎಂದಿನಂತೆ. ನಿನ್ನ ಸಾರು ಅಂದ್ರೆ ನಿನ್ನ ಸಾರೇ.’

‘ಹಂಗಾದ್ರೆ ಅದನ್ನ ಕುಡಿ.’

ಅವನ ಬಟ್ಟಲಲ್ಲಿ ಮುಕ್ಕಾಲು ಸಾರು ಇತ್ತು. ನನ್ನ ಮುಖ ನೋಡಿದ. ಬಟ್ಟಲು ನೋಡಿದ. ಎತ್ತಿ, ಕಣ್ಣು ಮುಚ್ಚಿ, ಔಷಧಿ ಕುಡಿಯುವ ಹಾಗೆ ಅಷ್ಟನ್ನೂ ಕುಡಿದುಬಿಟ್ಟ. ಕೆಳಗಿಟ್ಟು, ‘ಚೆನ್ನಾಗಿದೆ’ ಎಂದ. ಅವನ ಕಣ್ಣಲ್ಲಿ ನೀರಿತ್ತು. ಆಮೇಲೆ ಒಂದು ಹೂಜಿ ನೀರು ಕುಡಿದ.

ಐವತ್ತು ವರ್ಷದ ಸ್ನೇಹಿತ. ಅವನಿಗೆ ನಿಜವಾಗಿ ಬೀಪಿ ಇದೆ.

ಅವನು ಹೋದ ಮೇಲೆ ಪರದೆ ಬಿಚ್ಚಿ, ಬಾಗಿಲು ಹಾಕಿ, ಉಪ್ಪಿನ ಡಬ್ಬಿ ತೆಗೆದೆ. ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟೆ. ಮರಳಿನ ಹಾಗಿತ್ತು. ಇನ್ನೊಂದು ಚಿಟಿಕೆ. ಎಲ್ಲೋ ದೂರದಲ್ಲಿ ಒಂಚೂರು ಉಪ್ಪು ಇದ್ದ ಹಾಗೆ. ಒಂದು ಚಮಚ ತುಂಬ ಬಾಯಿಗೆ ಹಾಕಿದ ಮೇಲೆ ಉಪ್ಪು ಉಪ್ಪೆನಿಸಿತು. ಸಕ್ಕರೆ ತಿಂದೆ. ವಿನಿಗರ್ ಕುಡಿದೆ, ಮೂಗಿಗೆ ಹೊಡೆಯಿತು, ನಾಲಿಗೆಗೆ ಏನೂ ಇಲ್ಲ. ಉಪ್ಪಿನಕಾಯಿ, ಶುಂಠಿ, ಸೋಯಾ ಕಾಳಿನ ಮೀಸೋ, ಮೂಲಂಗಿ, ಅಡುಗೆಮನೆಯಲ್ಲಿ ಇದ್ದದ್ದನ್ನೆಲ್ಲ ಒಂದೊಂದೇ ಬಾಯಿಗೆ ಹಾಕಿಕೊಂಡೆ. ಆ ಹಣ್ಣು ಬೆಳೆದವನ ತಪ್ಪೇನಿರಲಿಲ್ಲ. ಉಪ್ಪಿನ ಕಂಪನಿಯವನದೂ ಇಲ್ಲ.

ಅಡುಗೆಮನೆಯ ನೆಲದ ಮೇಲೆ ಕೂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಕಾಲು ಜೋಮು ಹಿಡಿಯಿತು.

ಒಂದು ವಿಷಯ ತಿಳಿಯುತ್ತಿಲ್ಲ. ಎಫುವಾ ಮೊದಲ ವಾರವೆಲ್ಲ ದಿನಾ ಇದೇ ಸಾರನ್ನು ತಳ ಕಾಣುವವರೆಗೆ ಕುಡಿದಳಲ್ಲ. ‘ಇಂದಿನ’ ಸಾರು ಎಂದಳು. ಹಾಗಾದರೆ ಮೊದಲು ಸರಿಯಿತ್ತೇ? ಅದೇ ನಾನು, ಅದೇ ಪಾತ್ರೆ, ಅದೇ ಎರಡು ಹಿಡಿ. ಏನು ಬೇರೆ?

ಹಿಸಾಯೊ ಇರಲಿಲ್ಲ. ಅಷ್ಟೇ ಬೇರೆ.

ಅಕ್ಟೋಬರ್ 25, ಬುಧವಾರ

ನಿನ್ನೆ ಅಂಗಡಿ ತೆರೆಯಲಿಲ್ಲ. ಮೈ ಸರಿಯಿಲ್ಲ ಎಂದು ಬರೆದು ಅಂಟಿಸಿದೆ. ಸಂಜೆ ಹಿಸಾಯೊ ಬಂದಳು. ಆ ಚೀಟಿ ನೋಡಿ ಗಾಬರಿಯಿಂದ ಒಳಗೆ ಬಂದು ನನ್ನ ಹಣೆ ಮುಟ್ಟಿದಳು. ಏನೂ ಇಲ್ಲ, ಸುಸ್ತು ಎಂದೆ. ನಾನು ಸುಳ್ಳು ಹೇಳುವುದು ಕಡಿಮೆ.

ಇವತ್ತು ಅವಳು ಪೇಟೆಗೆ ಹೋದಾಗ ಇಕುತಾ ಹತ್ತಿರ ಹೋದೆ. ನಾಲಿಗೆಗೆ ಏನೇನೋ ಹಚ್ಚಿ ನೋಡಿದ. ಫೆಬ್ರವರಿಯಲ್ಲಿ ಕೈ ಮರಗಟ್ಟಿಸಿದ ಲಕ್ವದ ಪೆಟ್ಟೇ ಇರಬಹುದು, ವಯಸ್ಸೂ ಇರಬಹುದು ಎಂದ.

‘ವಾಪಸ್ ಬರುತ್ತೋ ಇಲ್ವೋ?’

‘ಬರಬಹುದು. ನೋಡೋಣ.’

‘ಬರದೇನೂ ಇರಬಹುದಾ?’

‘ಅದೂ... ನೋಡೋಣ.’

ಈ ಊರಿನಲ್ಲಿ ನೆಟ್ಟಗೆ ಮಾತಾಡುವ ಮನುಷ್ಯ ನಾನೊಬ್ಬನೇ ಎಂದುಕೊಂಡಿದ್ದೆ. ನಾನು ಮಾತಾಡುತ್ತೇನೆ ಸರಿ. ನನಗೆ ನೆಟ್ಟಗೆ ಹೇಳಿದವರು ಯಾರು? ಹೊರಗೆ ಹಾಕಿದೆನಲ್ಲ, ಅವಳೊಬ್ಬಳೇ.

ಅಕ್ಟೋಬರ್ 26, ಗುರುವಾರ

ದಿನಾ ಆರು ಗಂಟೆಗೆ ನಾನು ಈರುಳ್ಳಿ ಸೊಪ್ಪು ತರಲು ಸೈಕಲ್ ಹತ್ತುತ್ತೇನೆ. ಇವತ್ತು ಹತ್ತಿ, ಮೂಲೆಯವರೆಗೆ ಹೋಗಿ, ಸೈಕಲ್ ಅಲ್ಲೇ ಒರಗಿಸಿ, ಹಿಂದಿನ ಓಣಿಯಿಂದ ಬಂದು ಅಡುಗೆಮನೆಯ ಕಿಟಕಿಗೆ ಮುಖ ಇಟ್ಟೆ. ನನ್ನದೇ ಮನೆಗೆ ಕಳ್ಳನ ಹಾಗೆ.

ಹಿಸಾಯೊ ಮಂಡಿಯೂರಿ ಸಿಂಕಿನ ಕೆಳಗಿನ ಬೀರು ತೆರೆದಳು. ಬಕೆಟ್ಟು, ಒರೆಸುವ ಬಟ್ಟೆಗಳ ಹಿಂದಿನಿಂದ ಒಂದು ದೊಡ್ಡ ಪಾತ್ರೆ ಎಳೆದಳು. ಉಪ್ಪು ಹಾಕದ ಮೀನಿನ ಸಾರಿರಬೇಕು. ಅವಳೇ ಯಾವಾಗಲೋ ಕಾಯಿಸಿಟ್ಟದ್ದು. ನನ್ನ ಪಾತ್ರೆಯಿಂದ ಆರು ಸೌಟು ಸಾರು ಎತ್ತಿ ಚರಂಡಿಗೆ ಚೆಲ್ಲಿದಳು. ತನ್ನದನ್ನು ಸುರಿದಳು. ಕದಡಿದಳು. ಚಿಕ್ಕ ತಟ್ಟೆಗೆ ಹಾಕಿ ಕಣ್ಣು ಮುಚ್ಚಿ ರುಚಿ ನೋಡಿದಳು. ತಲೆ ಅಲ್ಲಾಡಿಸಿದಳು. ಇನ್ನೊಂದು ಸೌಟು. ಮತ್ತೆ ಕಣ್ಣು ಮುಚ್ಚಿದಳು. ಹೂಂ ಎಂದಳು. ಆ ಪಾತ್ರೆಯನ್ನು ತೊಳೆದು, ಒರೆಸಿ, ಬೀರುವಿನ ಹಿಂದಕ್ಕೆ ತಳ್ಳಿ, ಸೊಂಟ ಹಿಡಿದುಕೊಂಡು ಎದ್ದಳು.

ಅವಸರವಿಲ್ಲ. ಅನುಮಾನವಿಲ್ಲ. ಇವತ್ತು ಮೊದಲ ಸಲ ಮಾಡುವವರ ಕೈ ಅಲ್ಲ ಅದು.

ಈರುಳ್ಳಿ ಸೊಪ್ಪು ತರಲು ಮರೆತೆ. ಇವತ್ತು ಎಲ್ಲರೂ ಸೊಪ್ಪಿಲ್ಲದೆ ತಿಂದರು. ಎಲ್ಲ ಬಟ್ಟಲೂ ಖಾಲಿಯಾಗಿ ಬಂದವು. ‘ಇವತ್ತು ಬಹಳ ಚೆನ್ನಾಗಿದೆ ಯಜಮಾನ್ರೇ’ ಎಂದು ನಾಲ್ಕು ಜನ ನನಗೆ ಹೇಳಿದರು. ನನಗೆ.

ಅಕ್ಟೋಬರ್ 27, ಶುಕ್ರವಾರ

ಅಂಗಡಿ ಮುಚ್ಚಿದ ಮೇಲೆ, ಅವಳು ಬಟ್ಟಲು ತೊಳೆಯುವಾಗ, ಬೀರು ತೆರೆದು ಆ ಪಾತ್ರೆ ತೆಗೆದು ಮೇಜಿನ ಮೇಲಿಟ್ಟೆ. ಅವಳ ಕೈ ನಿಂತಿತು. ನೀರು ಹರಿಯುತ್ತಲೇ ಇತ್ತು.

‘ಯಾವಾಗಿಂದ?’

‘ಮಾರ್ಚಿಂದ.’

‘ಎಂಟು ತಿಂಗಳು.’

‘ಹೂಂ.’

‘ದಿನಾ?’

‘ನೀವು ಸೈಕಲ್ ಹತ್ತಿದ ಮೇಲೆ.’

‘ಯಾರ್ಯಾರಿಗೆ ಗೊತ್ತು?’

‘ಮಾರ್ಚ್ ಮೊದಲನೇ ವಾರ ತಿಂದೋರಿಗೆಲ್ಲ ಗೊತ್ತು.’

ನಾನು ಕೂಗಿದೆ. ಏನು ಕೂಗಿದೆನೋ ಪೂರ್ತಿ ನೆನಪಿಲ್ಲ. ನನ್ನನ್ನು ಮೂರ್ಖ ಮಾಡಿದಿರಿ, ಊರೆಲ್ಲ ಸೇರಿ ನಾಟಕ ಆಡಿದಿರಿ, ನನ್ನ ಸಾರು ಎಂದು ನಿನ್ನ ಸಾರು ಮಾರಿಸಿದೆ. ಯಾಕೆ ಹೇಳಲಿಲ್ಲ, ಯಾಕೆ. ಅವಳು ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡಳು.

‘ನೀವು ಕೇಳ್ಲಿಲ್ಲ.’

‘ದಿನಾ ಕೇಳ್ತೀನಲ್ಲ. ಪ್ರತಿಯೊಬ್ಬರನ್ನೂ ಕೇಳ್ತೀನಿ.’

‘ನೀವು ಕೇಳೋದು ‘ಚೆನ್ನಾಗಿದೆ ಅಲ್ವಾ’ ಅಂತ. ‘ಹೇಗಿದೆ’ ಅಂತ ಯಾವತ್ತು ಕೇಳಿದ್ದೀರಿ? ಮದುವೆ ಆಗಿ ನಲವತ್ತೊಂಬತ್ತು ವರ್ಷ ಆಯ್ತು. ಒಂದು ದಿನ ನೆನಪು ಮಾಡ್ಕೊಂಡು ಹೇಳಿ.’

ನೆನಪು ಮಾಡಿಕೊಳ್ಳಲು ನಿಜವಾಗಿ ಪ್ರಯತ್ನಪಟ್ಟೆ. ಮದುವೆಯ ವರ್ಷದಿಂದ ಶುರುಮಾಡಿದೆ. ಈಗಲೂ ಮಾಡುತ್ತಲೇ ಇದ್ದೇನೆ.

ಅಕ್ಟೋಬರ್ 28, ಶನಿವಾರ

ಎಫುವಾ ನಾಗಸಾಕಿಯಿಂದ ಬಂದಳು. ದೊಡ್ಡ ಪೆಟ್ಟಿಗೆ ಮೇಲೇ ಇತ್ತಲ್ಲ. ಬರದೆ ದಾರಿಯಿರಲಿಲ್ಲ. ಪರದೆಯ ಹೊರಗೇ ನಿಂತು, ‘ತಮ್ಮ ಮನಸ್ಸಿಗೆ ನೋವುಂಟುಮಾಡಿದೆ. ಕ್ಷಮಿಸಬೇಕು. ಪೆಟ್ಟಿಗೆಯನ್ನು ತೆಗೆದುಕೊಂಡು ಹೋಗುತ್ತೇನೆ’ ಎಂದಳು.

‘ಒಳಗ್ ಬಾ. ಕೂತ್ಕೋ.’

ತೊಕುಶಿಗೆ, ಇನ್ನೂ ಆರೇಳು ಜನ ಇದ್ದರು. ಬೆಳಿಗ್ಗೆಯೇ ಹಿಸಾಯೊಗೆ ಹೇಳಿದ್ದೆ, ನನ್ನ ಪಾತ್ರೆ ಮುಟ್ಟಬೇಡ, ನಿನ್ನದನ್ನು ಬೇರೆ ಪಾತ್ರೆಯಲ್ಲಿ ಪೂರ್ತಿ ಮಾಡು ಎಂದು. ಗಿರಾಕಿಗಳಿಗೆಲ್ಲ ಅವಳದನ್ನೇ ಹಾಕಿದ್ದೆ. ಎಫುವಾಳ ಮುಂದೆ ಎರಡು ಬಟ್ಟಲು ಇಟ್ಟೆ. ಎಡಗಡೆ ನನ್ನದು. ಬಲಗಡೆ ಹಿಸಾಯೊಳದು. ಯಾವುದು ಯಾರದೆಂದು ಹೇಳಲಿಲ್ಲ.

‘ಹೇಗಿದೆ?’ ಎಂದೆ.

ಅಡುಗೆಮನೆಯಲ್ಲಿ ಹಿಸಾಯೊ ಕೈಯಿಂದ ಏನೋ ಜಾರಿಬಿತ್ತು.

ಎಫುವಾ ಎಡಗಡೆಯದನ್ನು ಕುಡಿದಳು. ‘ಇದು ಉಪ್ಪು.’ ಬಲಗಡೆಯದನ್ನು ಕುಡಿದಳು. ಇನ್ನೂ ಕುಡಿದಳು. ‘ಇದು ನಾನು ಮೊದಲ ದಿನ ಕುಡಿದದ್ದು. ಇದಕ್ಕಾಗಿಯೇ ನಾನು ರಜೆ ಕೇಳಿದೆ. ಒಂದು ಊರಿನಲ್ಲಿ ಹೀಗಿದ್ದರೆ ಉಳಿದ ಊರುಗಳಲ್ಲಿ ಹೇಗಿದ್ದೀತು ಎಂದು ನೋಡಬೇಕೆನಿಸಿತು.’

ತೊಕುಶಿಗೆ ಕಡೆ ತಿರುಗಿದೆ. ‘ನೀನು ಹೇಳು. ಸೋಮವಾರ ಕುಡಿದ್ಯಲ್ಲ, ಹೇಗಿತ್ತು?’

ಅವನು ಕಡ್ಡಿ ಕೆಳಗಿಟ್ಟ. ‘ಸಮುದ್ರಕ್ಕೆ ಬಿದ್ದು ಒಂದು ಬಾಯಿ ಕುಡಿದಂಗಿತ್ತು ಕಣೋ.’

‘ಮತ್ತೆ ಯಾಕೆ ಕುಡಿದೆ?’

‘ನೀನು ಕುಡಿ ಅಂದ್ಯಲ್ಲ.’

ಒಬ್ಬರು ನಕ್ಕರು. ಅಷ್ಟೇ ಸಾಕಾಯಿತು. ಎಂಟು ತಿಂಗಳು ಬಾಯಿ ಬಿಡದವರೆಲ್ಲ ಬಿಟ್ಟರು. ಮೂರನೇ ಬೆಂಚಿನ ಕಾಲು ಅಲ್ಲಾಡುತ್ತದಂತೆ, ಎರಡು ವರ್ಷದಿಂದ. ಕರಿದ ಸಿಗಡಿ ಆರಿರುತ್ತದಂತೆ. ಫ್ಯಾನು ಬಟ್ಟಲಿಗೆ ದೂಳು ಉದುರಿಸುತ್ತದಂತೆ. ನನ್ನ ಮುಖ ನೋಡಿ ಮಕ್ಕಳು ಅಳುತ್ತವಂತೆ. ಇದನ್ನೆಲ್ಲ ಇಟ್ಟುಕೊಂಡು ಈ ಜನ ದಿನಾ ಬಂದು ತಲೆ ಬಗ್ಗಿಸಿ ಊಟ ಚೆನ್ನಾಗಿತ್ತು ಎಂದು ಹೋಗುತ್ತಿದ್ದರು. ನಾನು ದಂಗಾಗಿ ಸೌಟು ಹಿಡಿದು ನಿಂತೆ.

ಹೋಗುವಾಗ ಎಫುವಾ ಪೆಟ್ಟಿಗೆ ಬಾಗಿಲಲ್ಲಿ ಇಟ್ಟು ಹೇಳಿದಳು. ‘ನಮ್ಮ ಊರಿನಲ್ಲಿ ಅಡುಗೆ ಕೆಟ್ಟರೆ ಬೈಯುತ್ತಾರೆ. ಇಲ್ಲಿ ಎಲ್ಲರೂ ನೀರು ಕುಡಿಯುತ್ತಾರೆ. ನನಗೆ ಇದು ಪುಸ್ತಕದಲ್ಲಿ ಸಿಗಲಿಲ್ಲ.’

‘ನಿಮ್ಮಮ್ಮನಿಗೆ ಹೇಳು’ ಎಂದೆ. ‘ಮೀನಿನ ತಲೆ ತೆಗೀಬೇಕು ಅಂತ ಹೇಳು.’

‘ಅವರಿಗೆ ಗೊತ್ತಿದೆ, ಅಜ್ಜನವರೇ.’

ಪೆಟ್ಟಿಗೆಯನ್ನು ಬಸ್ ನಿಲ್ದಾಣದವರೆಗೆ ನಾನೇ ಎಳೆದುಕೊಂಡು ಹೋದೆ. ಬಲಗೈಯಲ್ಲೇ.

ಅಕ್ಟೋಬರ್ 31, ಮಂಗಳವಾರ

ಮೂರನೇ ಬೆಂಚಿನ ಕಾಲು ಸರಿಮಾಡಿದೆ. ಫ್ಯಾನು ಒರೆಸಿದೆ.

ಊಟವಾದ ಮೇಲೆ ಹಿಸಾಯೊಗೆ ಹೇಳಿದೆ. ಇನ್ನು ಬೀರುವಿನ ಹಿಂದೆ ಮುಚ್ಚಿಡುವುದು ಬೇಡ. ಸಾರು ನೀನು ಮಾಡು, ಎಲ್ಲರ ಎದುರಿಗೆ. ಹಿಟ್ಟು ನಾನು ನೋಡಿಕೊಳ್ಳುತ್ತೇನೆ. ಅದಕ್ಕೆ ಅಳತೆ ಇದೆ, ಕಾಲು ಗಟ್ಟಿ ಇದೆ.

ಅವಳು ಟೀ ಬಗ್ಗಿಸಿದಳು.

‘ಯೋಚ್ನೆ ಮಾಡ್ತೀನಿ’ ಎಂದಳು.

ಇಲ್ಲಿ ಹುಟ್ಟಿ ಬೆಳೆದವನಿಗೆ ಇದರ ಅರ್ಥ ಗೊತ್ತಿಲ್ಲವೇ? ಯೋಚನೆ ಮಾಡುತ್ತೇನೆ ಎಂದರೆ ಇಲ್ಲ ಎಂದು. ಮನೆ ಮಾರುವವನಿಗೆ, ವಿಮೆಯವನಿಗೆ, ಹೆಣ್ಣು ಕೇಳಲು ಬಂದವರಿಗೆ ಹೇಳುವ ಮಾತು ಅದು. ನನ್ನ ಹೆಂಡತಿ ನನಗೆ ಹೇಳಿದಳು.

ನವೆಂಬರ್ 3, ಶುಕ್ರವಾರ

ತೊಕುಶಿಗೆ ಬಂದು ಕೇಳಿದ, ‘ಮುಂದಿನ ವರ್ಷದ ಒಣಮೀನು ಇಡ್ಲಾ ಬೇಡ್ವಾ? ಒಳ್ಳೇ ಮೂಟೆಗಳು ಹತ್ತನೇ ತಾರೀಕಿನವರೆಗೆ ಇರ್ತವೆ. ಆಮೇಲೆ ಒಸಾಕಾದವರು ಎತ್ತಿಕೊಂಡು ಹೋಗ್ತಾರೆ.’

‘ಗೊತ್ತಿಲ್ಲ’ ಎಂದೆ.

‘ಗೊತ್ತಿಲ್ಲ ಅಂದ್ರೆ? ನೀನು ಗೊತ್ತಿಲ್ಲ ಅಂದಿದ್ದು ಇದೇ ಮೊದಲು ಕಣೋ.’

‘ಅಂಗಡಿ ಇರುತ್ತೋ ಇಲ್ವೋ ಅವಳ್ನ ಕೇಳು. ಸಾರು ನೀನೇ ಮಾಡು ಅಂದೆ, ಯೋಚ್ನೆ ಮಾಡ್ತೀನಿ ಅಂದ್ಲು. ನನ್ನ ನಾಲಿಗೆ ಹೋಗಿದೆ. ಅವಳು ಬೇಡ ಅಂದ್ರೆ ಮುಚ್ಚೋದೇ.’

ಅವನು ತನ್ನ ಬಟ್ಟಲು ಒಯ್ದಿಟ್ಟು ಬಂದ. ಆಮೇಲೆ, ‘ಅವಳಿಗೂ ಎಪ್ಪತ್ತೆರಡು’ ಎಂದ. ‘ಇಷ್ಟು ದಿನ ಮಾಡಿದ್ಲು, ಬೈಸಿಕೊಂಡ್ಲು. ಹೊಗಳಿಕೆ ನೀನು ತಗೊಂಡೆ. ನಾನಾಗಿದ್ರೆ ನಾನೂ ಯೋಚ್ನೆ ಮಾಡ್ತಿದ್ದೆ.’

ಹೀಗೆ ನೆಟ್ಟಗೆ ಮಾತಾಡುವುದನ್ನು ಇವನು ಯಾವಾಗ ಕಲಿತನೋ. ಸಿಟ್ಟು ಬರಬೇಕಿತ್ತು.

ನವೆಂಬರ್ 5, ಭಾನುವಾರ

ಇದು ಡಾಕ್ಟರಿಗಲ್ಲ. ಹಿಸಾಯೊ, ಇದು ನಿನಗೆ. ಬಾಯಲ್ಲಿ ಹೇಳಿದರೆ ನಾನು ಕೂಗುತ್ತೇನೆ, ನೀನು ಪಾತ್ರೆ ತೊಳೆಯಲು ಎದ್ದು ಹೋಗುತ್ತೀ. ಅದಕ್ಕೆ ಬರೆದು ಈ ಪುಟವನ್ನು ಹರಿದು ಸಾರಿನ ಪಾತ್ರೆಯ ಮುಚ್ಚಳದ ಕೆಳಗೆ ಇಡುತ್ತೇನೆ.

ಸಾರಿನ ಒಲೆ ನಿನ್ನದು. ನೀನು ಸರಿ ಎನ್ನುವವರೆಗೆ ಬಾಗಿಲ ಪರದೆ ಕಟ್ಟುವುದಿಲ್ಲ. ಯಾರಾದರೂ ನನಗೆ ಚೆನ್ನಾಗಿದೆ ಎಂದರೆ ಸಾರು ಮಾಡಿದವಳು ಅಲ್ಲಿದ್ದಾಳೆ, ಅವಳಿಗೆ ಹೇಳಿ ಎನ್ನುತ್ತೇನೆ. ರುಚಿಯ ವಿಷಯಕ್ಕೆ ಬಾಯಿ ಹಾಕುವುದಿಲ್ಲ. ಹಾಕಿದರೆ ಸೌಟಿನಿಂದ ಹೊಡಿ. ಬುಧವಾರದ ಜೊತೆ ಮಂಗಳವಾರವೂ ಅಂಗಡಿ ಮುಚ್ಚೋಣ. ಎರಡು ದಿನ ಸಿಕ್ಕರೆ ಹಿರೋಶಿಮಾಕ್ಕೆ ಹೋಗಿ ಬರಬಹುದು. ಅಲ್ಲಿನದು ನೀನು ತಿಂದು ಹೇಗಿದೆ ಎಂದು ನನಗೆ ಹೇಳು. ನನಗೆ ತಿಳಿಯುವುದಿಲ್ಲ, ಆದರೂ ಹೇಳು.

ಬೇಡ ಎಂದರೆ ಡಿಸೆಂಬರ್ ಕೊನೆಗೆ ಪರದೆ ಬಿಚ್ಚುತ್ತೇನೆ. ನಿನ್ನ ಮೇಲೆ ಕೋಪ ಇರುವುದಿಲ್ಲ. ಇರುತ್ತದೆ, ತೋರಿಸುವುದಿಲ್ಲ.

ತೊಕುಶಿಗೆ ಮೂಟೆಗಳನ್ನು ಹತ್ತರವರೆಗೆ ಇಟ್ಟಿರುತ್ತಾನೆ. ಯೋಚನೆ ಮಾಡುತ್ತೇನೆ ಬೇಡ. ನೋಡೋಣ ಬೇಡ. ಹೂಂ ಅಥವಾ ಇಲ್ಲ, ಎರಡರಲ್ಲಿ ಒಂದು. ಗುರುವಾರ, ಒಂಬತ್ತನೇ ತಾರೀಕು, ಅಂಗಡಿ ಮುಚ್ಚುವುದರೊಳಗೆ ಉತ್ತರ ಹೇಳು.